ಹಿಲ್ಡಾಳ ಗೇಟಿನ ಪಕ್ಕದ ಕೆಂಪು ಗೂಡು

ಹಿಲ್ಡಾ ಥ್ವೇಟ್ ಓಡುವುದನ್ನು ನಾನು ಮೊದಲ ಸಲ ಕಂಡದ್ದು ಮದುವೆಯಾಗಿ ಈ ಗುಡ್ಡದ ಊರು ಕೆಲ್‌ಬೆಕ್ಕಿಗೆ ಬಂದ ಹೊಸತರಲ್ಲಿ. ಅತ್ತೆಯ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ನಿಂತಿದ್ದೆ. ಎದುರಿಗೆ, ರಸ್ತೆ ತಿರುಗುವಲ್ಲಿ, ಅವಳ ಮನೆಯ ಗೇಟಿಗೆ ಒರಗಿಕೊಂಡ ಹಾಗೆ ಕೆಂಪು ಟೆಲಿಫೋನ್ ಗೂಡು. ಅದರೊಳಗಿನ ಗಂಟೆ ಇದ್ದಕ್ಕಿದ್ದ ಹಾಗೆ ಬಡಿದುಕೊಳ್ಳತೊಡಗಿತು. ಮೈದಾಹಿಟ್ಟು ಮೆತ್ತಿದ ಕೈಯಲ್ಲೇ ಒಬ್ಬ ಹೆಂಗಸು ಹೊರಗೆ ಬಂದಳು, ಮೊಣಕೈಯಿಂದ ಗೂಡಿನ ಬಾಗಿಲು ನೂಕಿ ಒಳಹೊಕ್ಕಳು, ಒಂದೆರಡು ಮಾತಾಡಿದಳು, ಹೊರಬಂದವಳೇ ಗುಡ್ಡದ ಏರುದಾರಿ ಹಿಡಿದು ಹೊರಟೇಬಿಟ್ಟಳು.

"ಯಾರತ್ತೆ ಅದು?"

"ಹಿಲ್ಡಾ. ಹೈ ಗಿಲ್ ಮನೆ ಸೊಸೆಗೆ ಹೆರಿಗೆ ಆಗಿರ್ಬೇಕು. ಆಸ್ಪತ್ರೆಯಿಂದ ಫೋನು."

"ಹೆರಿಗೇನೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಏಪ್ರನ್ ಬಿಚ್ಚಿಲ್ಲವಲ್ಲ," ಅಂದರು ಅತ್ತೆ, ಕಿಟಕಿಯ ಕಡೆ ಮತ್ತೆ ತಿರುಗದೇ.

ಆಗ ನಮ್ಮ ಕಣಿವೆಯಲ್ಲಿ ಫೋನು ಇದ್ದ ಮನೆಗಳು ಪಾದ್ರಿಯದೊಂದು, ಡಾಕ್ಟರದೊಂದು. ಉಳಿದವರ ಪಾಲಿಗೆ ಹೊರಲೋಕ ಅಂದರೆ ಆ ಗೂಡು. ಮಾತಾಡಬೇಕಾದವರು ಕಾಸು ಹಿಡಿದು ಅಲ್ಲಿಗೆ ಬರುತ್ತಿದ್ದರು. ಹೊರಗಿನವರಿಗೆ ನಮ್ಮಲ್ಲಿ ಯಾರಾದರೂ ಬೇಕಾದರೆ ಆ ಗೂಡಿಗೇ ಕರೆ ಮಾಡುತ್ತಿದ್ದರು. ಯಾರಾದರೂ ಎತ್ತಬೇಕಲ್ಲ? ಗೂಡಿಗೆ ಹತ್ತಿರದ ಮನೆ ಥ್ವೇಟರದು. ಹಿಲ್ಡಾಳ ಅತ್ತೆ ಎತ್ತುತ್ತಿದ್ದರಂತೆ. ಅವರ ಮಂಡಿ ಸೋತ ಮೇಲೆ ಕೆಲಸ ಸೊಸೆಗೆ ಬಂತು. ಯಾರೂ ನೇಮಿಸಲಿಲ್ಲ, ಯಾರೂ ಕೇಳಿಕೊಳ್ಳಲಿಲ್ಲ. ಹಿತ್ತಿಲ ಬಾವಿಯೋ ಪಾಗಾರವೋ ಕೈ ಬದಲಾಗುವ ಹಾಗೆ ಅದೂ ಬಂತು.

ಸುದ್ದಿ ಒಳ್ಳೆಯದಾದರೆ ಅವಳು ಇದ್ದ ಹಾಗೇ, ಏಪ್ರನ್‌ನಲ್ಲೇ ಓಡುತ್ತಿದ್ದಳು. ಕೆಟ್ಟದಾದರೆ ಮನೆಯೊಳಗೆ ಹೋಗಿ ಏಪ್ರನ್ ಬಿಚ್ಚಿಟ್ಟು, ಕೋಟು ತೊಟ್ಟು ನಡೆದು ಬರುತ್ತಿದ್ದಳು. ಸಾವಿನ ಮಾತನ್ನು ಹಿಟ್ಟು ಮೆತ್ತಿದ ಬಟ್ಟೆಯಲ್ಲಿ ಹೇಳಬಾರದು ಅನ್ನುವುದು ಅವಳ ಮರ್ಯಾದೆ. ಆದರೆ ಊರಿನವರು ಅದನ್ನು ಓದಲು ಕಲಿತುಬಿಟ್ಟಿದ್ದರು. ಕೋಟು ತೊಟ್ಟ ಹಿಲ್ಡಾ ಏರಿ ಬರುವುದು ಕಂಡರೆ ಹೊಲದಲ್ಲಿದ್ದ ಗಂಡಸರು ಕೈಲಿದ್ದದ್ದನ್ನು ಕೆಳಗಿಟ್ಟು, ಅವಳು ಯಾವ ಗೇಟಿನ ಕಡೆ ತಿರುಗುತ್ತಾಳೆ ಎಂದು ನೋಡುತ್ತ ನಿಲ್ಲುತ್ತಿದ್ದರು. ನಮ್ಮ ಗೇಟನ್ನು ದಾಟಿ ಹೋದಾಗ ನಾನೂ ಉಸಿರು ಬಿಟ್ಟಿದ್ದೇನೆ.

ಹಿಲ್ಡಾ ಏನೂ ಮೃದು ಮಾತಿನವಳಲ್ಲ. ಪಕ್ಕದ ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುತ್ತಿದ್ದಳು; ಎಲೆಕೋಸು ಬಿಟ್ಟ ಮಕ್ಕಳು ಅವಳ ಒಂದು ನೋಟಕ್ಕೆ ತಟ್ಟೆ ಖಾಲಿ ಮಾಡುತ್ತಿದ್ದವು. ಗಂಡ ಎರ್ನಿ ಮಾತ್ರ ಅವಳನ್ನು ಗೇಲಿ ಮಾಡಬಲ್ಲವನಾಗಿದ್ದ. "ನನ್ನ ಹೆಂಡ್ತಿ ನನಗಿಂತ ಆ ಡಬ್ಬೀನೇ ಜಾಸ್ತಿ ಮಾತಾಡಿಸ್ತಾಳೆ," ಅನ್ನುತ್ತಿದ್ದ. ಅವನು ಕಣಿವೆಯ ನೆತ್ತಿಯಲ್ಲಿದ್ದ ಸ್ಲೇಟು ಕಲ್ಲಿನ ಗಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಅವರಿಗೆ ಮಕ್ಕಳಾಗಲಿಲ್ಲ.

ಒಂದು ಮಾರ್ಚ್ ತಿಂಗಳ ಬೆಳಿಗ್ಗೆ, ಹಿಮ ಕರಗಿ ಎಲ್ಲೆಲ್ಲೂ ನೀರು ಸುರಿಯುತ್ತಿದ್ದಾಗ, ಗೂಡು ಬಡಿದುಕೊಂಡಿತು. ನಾನು ನಮ್ಮ ಅಂಗಳದಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದೆ. ಹಿಲ್ಡಾ ಎಂದಿನಂತೆ ಹೋಗಿ ರಿಸೀವರ್ ಎತ್ತಿದಳು. ಆ ಕಡೆ ಗಣಿಯ ಕಚೇರಿಗೆ ಹೊಸದಾಗಿ ಸೇರಿದ್ದ ಗುಮಾಸ್ತ. ತಾನು ಯಾರ ಜೊತೆ ಮಾತಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಕೆಲ್‌ಬೆಕ್ಕಾ? ನೋಡಿ, ಅಲ್ಲಿ ಮಿಸೆಸ್ ಥ್ವೇಟ್ ಅಂತ ಒಬ್ರು ಇದ್ದಾರಂತೆ. ಅವರಿಗೊಂದು ವಿಷ್ಯ ಮುಟ್ಟಿಸ್ಬೇಕಿತ್ತು. ಅವರ ಯಜಮಾನ್ರು... ಬಂಡೆ ಜಾರಿ ಬಿತ್ತು. ಉಳೀಲಿಲ್ಲ. ನೀವು ಸ್ವಲ್ಪ ನಿಧಾನವಾಗಿ ಹೇಳ್ತೀರಾ?"

"ಹೇಳ್ತೀನಿ," ಅಂದಳಂತೆ ಹಿಲ್ಡಾ. ರಿಸೀವರನ್ನು ಜಾಗದಲ್ಲಿಟ್ಟಳು.

ಇದನ್ನು ಅವಳೇ ನನಗೆ ಒಂದೇ ಒಂದು ಸಲ ಹೇಳಿದ್ದು, ಆ ಬೇಸಿಗೆಯಲ್ಲಿ, ಇಬ್ಬರೂ ಹುಲ್ಲು ಒಣಹಾಕುತ್ತಿದ್ದಾಗ. ನಾನು ಕಣ್ಣಾರೆ ಕಂಡದ್ದು ಬೇರೆ. ಅವಳು ಗೂಡಿನಿಂದ ಹೊರಬಂದು ರಸ್ತೆಯಂಚಿನಲ್ಲಿ ನಿಂತಳು. ಎರಡೂ ಕೈ ಬೆನ್ನ ಹಿಂದೆ ಹೋಗಿ ಏಪ್ರನ್‌ನ ಗಂಟನ್ನು ಹಿಡಿದುಕೊಂಡವು. ಅದನ್ನು ಬಿಚ್ಚಿ ಎಲ್ಲಿಗೆ ಹೋಗಬೇಕು ಅನ್ನುವುದು ಅವಳಿಗೆ ತಿಳಿಯಲಿಲ್ಲ. ಮೇಲಿನ ಹೊಲದಲ್ಲಿ ಹೈ ಗಿಲ್‌ನ ಐಸಾಕ್ ಟೈಸನ್ ಕುರಿಗಳ ಮಧ್ಯೆ ನಿಂತು ಯಾವ ಕಡೆ ಹೊರಡುತ್ತಾಳೋ ಎಂದು ನೋಡುತ್ತಿದ್ದ. ಕೊನೆಗೆ ಅವಳು ಗಂಟು ಬಿಚ್ಚಿ, ಏಪ್ರನ್ನನ್ನು ಮಡಿಚಿ ಕೈಯಲ್ಲಿ ಹಿಡಿದು, ತನ್ನದೇ ಗೇಟು ತೆರೆದು ಒಳಗೆ ಹೋದಳು. ಐಸಾಕ್ ಕುರಿಗಳನ್ನು ಬಿಟ್ಟು ಇಳಿದು ಓಡಿಬಂದ. ನಾನೂ ಓಡಿದೆ.

ಎರ್ನಿಯನ್ನು ಮಣ್ಣು ಮಾಡಿದ ಮೇಲೆ ಅವಳು ಇನ್ನು ಆ ಗೂಡಿನ ಹತ್ತಿರ ಸುಳಿಯುವುದಿಲ್ಲ ಎಂದುಕೊಂಡೆವು. ಮುಂದಿನ ವಾರವೇ ಗೂಡು ಕೂಗಿತು, ಅವಳು ಹೋದಳು. "ನಾನು ಎತ್ತುತ್ತಿದ್ದೆ ಬಿಡು," ಅಂದೆ. "ನೀನು ಕೋಳಿ ನೋಡ್ಕೋ, ಎನಿಡ್," ಅಂದಳು.

ಹಾಗೆ ವರ್ಷಗಳು ಹೋದವು. ಒಂದೊಂದಾಗಿ ಮನೆಗಳಿಗೇ ಫೋನು ಬಂದವು. ಗೂಡು ಕೂಗುವುದು ಅಪರೂಪವಾಯಿತು: ತಪ್ಪಿದ ನಂಬರು, ರಜೆಗೆ ಬಂದುಹೋದ ಹುಡುಗಿಯನ್ನು ಹುಡುಕುವ ಯಾವನೋ ಪ್ರೇಮಿ. ಆದರೂ ಅದು ಕೂಗಿದರೆ ಹಿಲ್ಡಾ ಹೋಗುತ್ತಿದ್ದಳು, ಈಗ ಓಡದೆ, ಸೊಂಟ ಹಿಡಿದುಕೊಂಡು. ತನ್ನ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಗೂಡಿನ ಹಿಂಬದಿಯ ಕೊಂಡಿಗೆ ಕಟ್ಟಿಕೊಂಡಿದ್ದಳು. ಅದರಿಂದ ಅವಳಿಗೆ ಸಿಕ್ಕ ಲಾಭ ಅಷ್ಟೇ ಅಂತ ನಾವು ನಗುತ್ತಿದ್ದೆವು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ನಮ್ಮ ಕಣಿವೆಗೆ ಮಾತ್ರ ಸಿಗ್ನಲ್ ಬರಲಿಲ್ಲ. ಸುತ್ತ ಗುಡ್ಡಗಳು ಎದ್ದು ನಿಂತಿವೆ. ಇವತ್ತಿಗೂ ಬಂದವರು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದು ಸೇತುವೆಯ ಮೇಲೆ ಅತ್ತಿತ್ತ ನಡೆದಾಡುತ್ತಾರೆ.

ಹಿಲ್ಡಾಳಿಗೆ ವಯಸ್ಸಾಗಿ, ಶಾಲೆಯ ಕೆಲಸವೂ ಬಿಟ್ಟ ಮೇಲೆ, ಒಂದು ದಿನ ಗೂಡಿನ ಗಾಜಿಗೆ ನೋಟೀಸು ಅಂಟಿತು. ಬಳಕೆ ಕಡಿಮೆ, ಕಂಪನಿ ಇದನ್ನು ಕಿತ್ತು ಒಯ್ಯುತ್ತದೆ, ಆಕ್ಷೇಪಣೆ ಇದ್ದವರು ತಿಳಿಸಬಹುದು. ಊರು ಎದ್ದುಕೂತಿತು. ಎದ್ದವರಲ್ಲಿ ಮೊದಲಿಗರು ಡೆಸ್ಮಂಡ್ ಫೇರ್‌ಲಿ. ಮ್ಯಾಂಚೆಸ್ಟರಿನಲ್ಲಿ ವಕೀಲಿಕೆ ಮಾಡಿ, ನಿವೃತ್ತರಾಗಿ, ಹಳೆಯ ಗಿರಣಿಯ ಮನೆ ಕೊಂಡು ಬಂದವರು. ಒಳ್ಳೆಯ ಮನುಷ್ಯ. ಊರನ್ನು ಪ್ರೀತಿಸುತ್ತಿದ್ದರು, ಸ್ವಲ್ಪ ಜಾಸ್ತಿಯೇ. ಗೂಡನ್ನು ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿಬಿಟ್ಟರೆ ಯಾರೂ ಅದನ್ನು ಅಲುಗಿಸಲಾರರು ಎಂದು ಅವರೇ ಹೇಳಿದ್ದು. ಅದಕ್ಕೆ ಗೂಡಿನ ಕಥೆ ಬೇಕಿತ್ತು. ಕಥೆಗಾಗಿ ಹಿಲ್ಡಾಳ ಮನೆಗೆ ಬಂದರು. ಶುಂಠಿ ಕೇಕು ತಂದಿದ್ದ ನಾನೂ ಅಲ್ಲೇ ಇದ್ದೆ.

"ಮಿಸೆಸ್ ಥ್ವೇಟ್, ಈ ಗೂಡಿನ ಬಗ್ಗೆ ನಿಮಗಿರೋಷ್ಟು ನೆನಪು ಇನ್ಯಾರಿಗೂ ಇಲ್ಲ. ನೀವು ಹೇಳಿದ್ರೆ ನಾನು ಬರ್ಕೋತೀನಿ."

"ನೆನಪು ಏನಿದೆ? ಅದು ಕೂಗ್ತಿತ್ತು. ನಾನು ಹೋಗ್ತಿದ್ದೆ."

"ಅಷ್ಟೇನಾ?"

"ಮಳೆ ಇದ್ರೆ ನೆನೀತಿದ್ದೆ."

ಡೆಸ್ಮಂಡ್ ಪೆನ್ನು ಹಿಡಿದು ಕಾದರು. ನಾನು ಅವಳ ಮುಖ ನೋಡಲಿಲ್ಲ. ಅವಳು ಎದ್ದು ಕೆಟಲಿನ ನೀರು ಕಾದಿದೆಯೇ ಎಂದು ನೋಡಿದಳು, ಕಾದಿರಲಿಲ್ಲ.

"ತಗೊಂಡು ಹೋಗ್ಲಿ ಬಿಡಿ, ಸಾರ್," ಅಂದಳು. "ಕೀಳಕ್ಕೆ ಬರೋ ಹುಡುಗರಿಗೆ ನಾನೇ ಟೀ ಮಾಡಿ ಕೊಡ್ತೀನಿ."

"ಅದಿಲ್ದೇ ಈ ಊರು ಹೇಗೆ ಕಾಣತ್ತೆ, ಒಂದ್ಸಲ ಯೋಚಿಸಿ ನೋಡಿ!"

"ಊರು ಹೇಗೆ ಕಾಣತ್ತೆ ಅಂತ ನೋಡಕ್ಕೆ ನಂಗೆ ಯಾವತ್ತೂ ಪುರುಸೊತ್ತು ಸಿಗ್ಲಿಲ್ಲ."

ಅವರು ಹೋದ ಮೇಲೆ, "ಪಾಪ, ಸುಮ್ನೆ ಏನಾದ್ರೂ ಒಂದು ಹೇಳ್ಬಹುದಿತ್ತಲ್ಲೇ," ಅಂದೆ. "ಹೇಳಿದ್ರೆ ಅದನ್ನೂ ಗಾಜು ಹಾಕಿ ಇಡ್ತಾರೆ," ಅಂದಳು.

ಆದರೂ ಕೆಲಸ ನಡೆಯಿತು. ಊರ ಹಾಲ್‌ನಲ್ಲಿ ಸಭೆಯ ಮೇಲೆ ಸಭೆ. ಹಿಲ್ಡಾ ಹಿಂದಿನ ಬೆಂಚಿನಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದಳು. ಬರದಿದ್ದರೆ ಊರಿನವರು ಮನೆಗೇ ಬಂದು ಕೇಳುತ್ತಾರೆ, ಅದಕ್ಕಿಂತ ಇದೇ ವಾಸಿ ಎಂದು. ಐಸಾಕ್ ಟೈಸನ್ ಒಂದು ಸಂಜೆ ಎದ್ದು ನಿಂತು, "ಫೇರ್‌ಲಿಯವರೇ, ನಮ್ಮ ಹಿಲ್ಡಾಳನ್ನೂ ಪಟ್ಟಿಗೆ ಸೇರಿಸಿಬಿಡಿ. ಅವಳೂ ಅದೇ ಕಾಲದೋಳು. ಗಾಜು ಇನ್ನೂ ಒಡೆದಿಲ್ಲ," ಅಂದ.

ಹಿಲ್ಡಾ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ನಿನ್ನ ಸೇರ್ಸಕ್ಕೆ ಆಗಲ್ಲ ಐಸಾಕ್. ನಿಂಗೆ ಬಣ್ಣ ಬಳಿದು ಯಾರು ಪೂರೈಸ್ತಾರೆ?"

ಪಾರಂಪರಿಕ ಇಲಾಖೆಯಿಂದ ಮಿಸ್ ಲೇಕಾಕ್ ಎಂಬ ಹುಡುಗಿ ಬಂದಳು. ಗೂಡನ್ನು ಸುತ್ತಿ ಸುತ್ತಿ ಅಳೆದಳು, ಮಂಡಿಯೂರಿ ತಳ ನೋಡಿದಳು, ಎರಕದ ಕಬ್ಬಿಣದ ಮೇಲಿನ ಕಿರೀಟದ ಗುರುತನ್ನು ಬೆರಳಿನಿಂದ ಸವರಿದಳು. ಸೇತುವೆ, ಪುಟ್ಟ ಚರ್ಚು, ಗೂಡು, ಮೂರೂ ಒಟ್ಟಿಗೆ ಒಂದು ನೋಟ ಅಂದಳು. ಆಮೇಲೆ ಹಗ್ಗ ಅವಳ ಕಣ್ಣಿಗೆ ಬಿತ್ತು. ಆ ದಿನ ಅದರ ಮೇಲೆ ಹಿಲ್ಡಾಳ ಉದ್ದದ ಒಳಅಂಗಿಗಳು ತೂಗುತ್ತಿದ್ದವು.

"ಪಟ್ಟಿಗೆ ಸೇರಿದ್ರೆ ಈ ಹಗ್ಗ ಬಿಚ್ಚಬೇಕಾಗತ್ತೆ, ಮಿಸೆಸ್ ಥ್ವೇಟ್. ದಯವಿಟ್ಟು ತಪ್ಪು ತಿಳೀಬೇಡಿ."

"ನಾನು ಒಣಗಿಸೋದು ಎಲ್ಲಿ ಮಗಾ?"

ಹುಡುಗಿ ಕೆಂಪಾಗಿ ನಕ್ಕಳು. ಹಿಲ್ಡಾ ಅಲ್ಲೇ ಆಗಲೇ ಹಗ್ಗ ಬಿಚ್ಚಿ ಸುತ್ತಿಕೊಂಡು ಒಳಗೆ ಹೋದಳು. ಜಗಳ ಆಡುತ್ತಾಳೆ ಎಂದುಕೊಂಡಿದ್ದ ನನಗೆ ಅದನ್ನು ನೋಡಿ ಹೆಚ್ಚು ಸಂಕಟವಾಯಿತು. ಜಗಳಕ್ಕೆ ಬೇಕಾದ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

ವಸಂತದಲ್ಲಿ ಆದೇಶ ಬಂತು. ಕೆಲ್‌ಬೆಕ್ ತಿರುವಿನ ಟೆಲಿಫೋನ್ ಗೂಡು ಇನ್ನು ಮೇಲೆ ಎರಡನೇ ದರ್ಜೆಯ ಸಂರಕ್ಷಿತ ಕಟ್ಟಡ. ಯಾರೂ ಕೀಳುವಂತಿಲ್ಲ, ಸರಿಸುವಂತಿಲ್ಲ, ಅಪ್ಪಣೆ ಇಲ್ಲದೆ ಬಣ್ಣ ಬದಲಿಸುವಂತಿಲ್ಲ. ಹಾಲ್‌ನಲ್ಲಿ ಸ್ಕೋನು ಎಂಬ ಬನ್ನು, ಡ್ಯಾಮ್ಸನ್ ಹಣ್ಣಿನ ಜಾಮು, ಟೀ. ರಿಬ್ಬನ್ ಕತ್ತರಿಸು ಎಂದು ಹಿಲ್ಡಾಳ ಕೈಗೆ ಕತ್ತರಿ ಕೊಟ್ಟರು. ಅವಳು ಕತ್ತರಿಸಿದಳು, ಚಪ್ಪಾಳೆ ಮುಗಿಯುವ ಮೊದಲೇ ತಲೆನೋವು ಅಂತ ಮನೆಗೆ ಹೋದಳು.

ಎಲೆ ಉದುರುವ ಹೊತ್ತಿಗೆ ಕಂಪನಿಯ ವ್ಯಾನು ಬಂತು. ಒಬ್ಬ ಗೂಡಿನೊಳಗೆ ನಿಂತು ಸ್ಕ್ರೂ ಬಿಚ್ಚುತ್ತಿದ್ದ. ಡೆಸ್ಮಂಡ್ ಮನೆಯ ಚಪ್ಪಲಿಯಲ್ಲೇ ಓಡಿಬಂದರು.

"ಏಯ್, ನಿಲ್ಸಿ! ಇದು ಸಂರಕ್ಷಿತ ಕಟ್ಟಡ! ಮುಟ್ಟೋ ಹಾಗಿಲ್ಲ!"

"ಕಟ್ಟಡ ಮುಟ್ಟಿಲ್ಲ ಸಾರ್," ಅಂದ ಆತ, ತಾಳ್ಮೆಯಿಂದ. "ಕಟ್ಟಡ ನಿಮ್ಮದೇ, ಇಲ್ಲೇ ಇರತ್ತೆ. ನಾನು ಒಯ್ತಿರೋದು ಫೋನು ಅಷ್ಟೇ. ಫೋನು ಪಟ್ಟೀಲಿ ಇಲ್ಲ."

ವಕೀಲರಾಗಿದ್ದ ಡೆಸ್ಮಂಡ್ ಗೂಡಿನ ಬಾಗಿಲಿನಿಂದ ಹಿಂದೆ ಸರಿದರು. ಅವರು ಆದೇಶವನ್ನು ಓದಿದ್ದರು, ನಾವೆಲ್ಲರೂ ಓದಿದ್ದೆವು. ಕಬ್ಬಿಣ, ಗಾಜು, ತೇಗದ ಬಾಗಿಲು ಎಲ್ಲ ಇತ್ತು ಅದರಲ್ಲಿ. ಗೂಡು ಉಳಿದರೆ ಒಳಗಿನದೂ ಉಳಿದ ಹಾಗೆ ಎಂದುಕೊಂಡಿದ್ದೆವು. ಹಿಲ್ಡಾಳೂ ಹಾಗೇ ಎಂದುಕೊಂಡಿದ್ದಳು. ಅವಳು ಗೇಟಿನ ಬಳಿ ನಿಂತು ಎಲ್ಲವನ್ನೂ ನೋಡಿದಳು. ಆಮೇಲೆ ಆ ಮನುಷ್ಯನಿಗೆ ಟೀ ತಂದುಕೊಟ್ಟಳು, ಜೊತೆಗೆ ಎರಡು ಬಿಸ್ಕೀಟು.

"ಬೇಜಾರಾಯ್ತಾ?" ಅಂತ ಕೇಳಿದೆ.

"ಕಿವಿಗೆ ರಜಾ ಸಿಕ್ತು ಅನ್ಕೋತೀನಿ." ಗೇಟಿನ ಚಿಲಕ ಹಾಕುತ್ತ ಅಂದಳು: "ಎನಿಡ್, ಹಾಲು ಒಲೆ ಮೇಲಿಟ್ಟಾಗ ಒಂದು ಕಿವಿ ಅಲ್ಲೇ ಇರತ್ತಲ್ಲ. ಹಾಗೆ ಇತ್ತು ಇಷ್ಟು ವರ್ಷ. ಈಗ ಒಲೆಯಿಂದ ಇಳಿಸಿದ ಹಾಗಾಯ್ತು."

ಗೂಡೊಳಗೆ ಊರ ಹೆಂಗಸರು ಜೆರೇನಿಯಂ ಕುಂಡ ಇಟ್ಟರು. ಸೇಬಿನ ಪೆಟ್ಟಿಗೆಯೊಂದರಲ್ಲಿ ಓದಿ ಮುಗಿದ ಪುಸ್ತಕಗಳು ಬಂದವು. ಡೆಸ್ಮಂಡ್ ತಾವೇ ಅಪ್ಪಣೆ ಪಡೆದು, ಸರಿಯಾದ ಕೆಂಪು ತರಿಸಿ, ಎರಡು ಬೇಸಿಗೆಯ ಬಿಡುವಿನಲ್ಲಿ ಬಳಿದರು. ಗೂಡು ಹಿಂದೆಂದೂ ಅಷ್ಟು ಹೊಳೆದಿರಲಿಲ್ಲ. ಗುಡ್ಡದ ಮೇಲಿನಿಂದ, ಮಂಜಿನಲ್ಲೂ, ಹಸಿರಿನ ನಡುವೆ ಕುಂಕುಮದ ಬೊಟ್ಟಿನ ಹಾಗೆ ಅದು ಕಾಣುತ್ತಿತ್ತು.

ಹಾಗೆ ಕಂಡದ್ದೇ ಕೆಟ್ಟದಾಯಿತು.

ಏಪ್ರಿಲ್‌ನ ಒಂದು ಮಧ್ಯಾಹ್ನ, ನಾನು ಹಿಲ್ಡಾಳ ಮನೆಯಲ್ಲಿ ಕೂತಿದ್ದಾಗ, ಹೊರಗೆ ಯಾರೋ ಗಾಜು ಬಡಿಯುವ ಸದ್ದು. ನೋಡಿದರೆ ಗೂಡೊಳಗೆ ಒಬ್ಬ ಹೆಂಗಸು. ಗುಡ್ಡ ಹತ್ತುವವರ ಬೂಟು, ಮೊಣಕಾಲಿನವರೆಗೆ ಕೆಸರು. ಪುಸ್ತಕಗಳನ್ನೆಲ್ಲ ಎಳೆದು ನೆಲಕ್ಕೆ ಚೆಲ್ಲಿ, ಅವುಗಳ ಹಿಂದೆ ಫೋನು ಇದೆಯೇ ಎಂದು ಗೋಡೆ ತಡಕುತ್ತಿದ್ದಳು. ಹಿಲ್ಡಾ ಸೊಂಟದ ನೋವು ಮರೆತು ಎದ್ದುಹೋಗಿ ಅವಳ ತೋಳು ಹಿಡಿದು ಮನೆಯೊಳಗೆ ಕರೆತಂದಳು.

ಅವಳ ಹೆಸರು ಗ್ವೆನ್ ಪ್ರೋಬರ್ಟ್. ವೇಲ್ಸ್‌ನ ರೆಕ್ಸ್‌ಹ್ಯಾಮ್‌ನವಳು. ಗಂಡ ಹ್ಯೂ ಗುಡ್ಡದ ಮೇಲಿನ ಕೊರಕಲಿನಲ್ಲಿ ಜಾರಿ ಬಿದ್ದಿದ್ದ; ಮಾತಾಡುತ್ತಿದ್ದ, ಆದರೆ ಏಳಲಾರ. ಇವಳು ಮೊಬೈಲ್ ಹಿಡಿದು ಗುಡ್ಡವೆಲ್ಲ ಅಲೆದು, ಸಿಗ್ನಲ್ ಸಿಗದೆ, ಕೆಳಗೆ ಕೆಂಪು ಕಂಡು ಓಡಿಬಂದಿದ್ದಳು.

"ದಾರೀಲಿ ಒಂದು ಮನೆ ಇತ್ತು. ನಾಯಿ ಬೊಗಳ್ತಾ ಇತ್ತು. ಅಲ್ಲಿಗೆ ಹೋಗ್ಬೇಕಿತ್ತು ನಾನು. ಆದ್ರೆ ಇದು ಕಾಣ್ತಿತ್ತಲ್ಲ... ಫೋನೇ ಇದೆಯಲ್ಲ ಅನ್ಕೊಂಡು ನೇರ ಬಂದೆ..."

ಆ ಮನೆ ಐಸಾಕನ ಹೈ ಗಿಲ್. ಅಲ್ಲಿ ಫೋನೂ ಇತ್ತು, ಐಸಾಕನೂ ಇದ್ದ. ಅಲ್ಲಿಂದ ಇಲ್ಲಿಗೆ ಓಡಿದರೂ ಬಹಳ ಹೊತ್ತು ಬೇಕು.

ಹಿಲ್ಡಾ ತನ್ನ ಮನೆಯ ಫೋನಿನಿಂದ ಗುಡ್ಡದ ರಕ್ಷಣಾ ತಂಡಕ್ಕೆ ಕರೆ ಮಾಡಿದಳು, ಆಮೇಲೆ ಐಸಾಕನಿಗೆ. ಯಾವ ಕೊರಕಲು, ಯಾವ ಕಡೆ ಎಂದು ಗ್ವೆನ್‌ಳ ಬಾಯಿಂದ ಒಂದೊಂದೇ ಮಾತು ಹೊರಡಿಸಿ ಹೇಳಿದಳು. ಆಮೇಲೆ ಅವಳ ಬೂಟು ಬಿಚ್ಚಿ, ಒದ್ದೆ ಕಾಲನ್ನು ಟವೆಲಿನಲ್ಲಿ ಸುತ್ತಿ, ಕೈಗೆ ಸಕ್ಕರೆ ಜಾಸ್ತಿ ಹಾಕಿದ ಟೀ ಕೊಟ್ಟು, ಎದುರಿಗೆ ಕೂತಳು. ಹೆಲಿಕಾಪ್ಟರಿನ ಸದ್ದು ಕಣಿವೆಯೊಳಗೆ ಬಂತು, ಗುಡ್ಡದ ಹಿಂದೆ ಹೋಯಿತು. ಗ್ವೆನ್ ನಮಗೆ ಹ್ಯೂನ ಬಗ್ಗೆ ಹೇಳುತ್ತಲೇ ಇದ್ದಳು. ಅವನು ಬಸ್ಸು ಓಡಿಸುತ್ತಾನಂತೆ. ಈ ರಜಾ ಅವಳದೇ ಯೋಚನೆಯಂತೆ. ಅವನಿಗೆ ಸಮುದ್ರದ ಕಡೆ ಹೋಗಬೇಕಿತ್ತಂತೆ.

ಹಿಲ್ಡಾಳ ಫೋನು ಬಡಿದುಕೊಂಡಿತು. ಅವಳು ಎತ್ತಿದಳು. ನಾನು ಹತ್ತಿರವೇ ಇದ್ದೆ, ಐಸಾಕನ ದಪ್ಪ ದನಿ ನನಗೂ ಕೇಳುತ್ತಿತ್ತು.

"ಹಿಲ್ಡಾ, ಅವಳು ಅಲ್ಲೇ ಇದ್ದಾಳಾ?"

"ಹ್ಞೂ."

"ಆಗೋಯ್ತು ಕಣೇ. ತಂಡದೋರು ಕೈಲಾದ್ದು ಮಾಡಿದ್ರು. ಪೆನ್ರಿತ್ ಪೇಟೆಯಿಂದ ಪೊಲೀಸಿನೋರು ಬರ್ತಾರೆ, ಅವರೇ ಹೇಳ್ತಾರಂತೆ. ನೀನು ಸುಮ್ನಿರು ಅಂದ್ರು."

"ಅವರು ಬರೋಷ್ಟರಲ್ಲಿ ಇನ್ನೂ ಎಷ್ಟು ಹೊತ್ತೋ. ಅಲ್ಲೀವರೆಗೂ ಅವಳು ನನ್ನ ಮುಖ ನೋಡ್ತಾ ಕೂತಿರ್ಬೇಕಾ?" ಅಂದಳು ಹಿಲ್ಡಾ, ದನಿ ತಗ್ಗಿಸಿ.

"ನಿನಗೆ ಹೇಗೆ ಸರಿ ಅನ್ಸತ್ತೋ ಹಾಗೆ ಮಾಡು," ಅಂದ ಐಸಾಕ್.

ನಮ್ಮ ಊರಿನವಳಾಗಿದ್ದರೆ ಹಿಲ್ಡಾ ಫೋನಿಟ್ಟ ಬಗೆಯಲ್ಲೇ ತಿಳಿದುಕೊಂಡಿರುತ್ತಿದ್ದಳು. ಗ್ವೆನ್ ಹೊರಗಿನವಳು, ಅವಳಿಗೆ ಬಾಯಿಬಿಟ್ಟೇ ಹೇಳಬೇಕಿತ್ತು. ಹಿಲ್ಡಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅವಳ ಕೈಯಿಂದ ಟೀ ಲೋಟ ತೆಗೆದು ಮೇಜಿನ ಮೇಲಿಟ್ಟಳು.

"ಗ್ವೆನ್, ಹ್ಯೂ ಹೋಗ್ಬಿಟ್ರು. ಅವರ ಹತ್ತಿರ ಜನ ಇದ್ರು. ಒಬ್ರೇ ಇರ್ಲಿಲ್ಲ."

ಅಷ್ಟೇ. ಸಮಾಧಾನದ ಮಾತು ಒಂದೂ ಇಲ್ಲ. ಗ್ವೆನ್ ಕೂಗಿದಳು, ಹಿಲ್ಡಾಳನ್ನು ದೂಡಿದಳು, ಮತ್ತೆ ಅವಳನ್ನೇ ಹಿಡಿದುಕೊಂಡಳು. ಹಿಲ್ಡಾ ಕಲ್ಲಿನ ಹಾಗೆ ಕೂತು ಹಿಡಿಯಲು ಬಿಟ್ಟಳು. ಪೊಲೀಸರು ಬಂದು ಗ್ವೆನ್‌ಳನ್ನು ಕರೆದುಕೊಂಡು ಹೋದ ಮೇಲೆ ನಾನು ಲೋಟ ತೊಳೆದೆ. ಹಿಲ್ಡಾ ಅದೇ ಕುರ್ಚಿಯಲ್ಲಿದ್ದಳು.

"ಸಾಕಾಯ್ತು ಎನಿಡ್," ಅಂದಳು. "ನಂಗೆ ಸಾಕಾಗಿದೆ ಅಂತ ಯಾರಿಗೆ ಹೇಳ್ಬೇಕು, ಅದು ಗೊತ್ತಿದ್ರೆ ಹೋಗಿ ಹೇಳಿಬಿಡ್ತಿದ್ದೆ."

ಬೇಗ ಸಹಾಯ ಸಿಕ್ಕಿದ್ದರೂ ಹ್ಯೂ ಉಳಿಯುವ ಹಾಗಿರಲಿಲ್ಲ ಎಂದು ಡಾಕ್ಟರು ಹೇಳಿದರು. ಡಾಕ್ಟರುಗಳು ಹಾಗೆ ಹೇಳುತ್ತಾರೆ, ನಿಜವೂ ಇರಬಹುದು. ಡೆಸ್ಮಂಡ್ ನಂಬಲಿಲ್ಲ. ನೆಲಕ್ಕೆ ಚೆಲ್ಲಿದ್ದ ಪುಸ್ತಕಗಳನ್ನು ಆಯ್ದು ಪೆಟ್ಟಿಗೆಗೆ ತುಂಬಿ ಮನೆಗೆ ಒಯ್ದರು, ಕುಂಡಗಳನ್ನೂ ತೆಗೆದರು. ಕೆಲವು ದಿನ ಹೊರಗೆ ಕಾಣಿಸಲಿಲ್ಲ. ಆಮೇಲೆ ಒಂದು ದಿನ ಹಿಲ್ಡಾಳ ಬಾಗಿಲಲ್ಲಿ ಬಂದು ನಿಂತರು, ಕ್ಷೌರ ಮಾಡಿರಲಿಲ್ಲ.

"ನಾನು ಬಣ್ಣ ಬಳಿದೆ, ಮಿಸೆಸ್ ಥ್ವೇಟ್. ದೂರಕ್ಕೆ ಕಾಣ್ಲಿ ಅಂತ ಬಳಿದೆ."

"ಚೆನ್ನಾಗೇ ಬಳಿದಿದ್ದೀರಿ. ಒಳಗೆ ಬನ್ನಿ, ಗಾಳಿ ಬರ್ತಿದೆ."

"ಆ ಹೆಂಗಸಿಗೆ ನಾನು ಏನು ಹೇಳ್ಲಿ?"

"ನೀವೇನೂ ಹೇಳ್ಬೇಡಿ. ಹೇಳೋದು ಆಗಿದೆ." ಅವಳು ಅವರಿಗೆ ಕುರ್ಚಿ ತೋರಿಸಿದಳು. "ಫೋನು ವಾಪಸ್ ತರಿಸ್ಬೇಕು. ನಂಗೆ ಯಾರಿಗೆ ಬರೀಬೇಕು ಅಂತ ಗೊತ್ತಿಲ್ಲ, ನಿಮಗೆ ಗೊತ್ತು. ಸಭೇಲಿ ಕಿರುಚಬೇಕಾದ್ರೆ ನಾನು ಕಿರುಚ್ತೀನಿ. ಆದ್ರೆ ಬೇಗ ಬೇಗ ಮಾಡಿ, ನಂಗೆ ತುಂಬಾ ಹೊತ್ತು ನಿಲ್ಲಕ್ಕಾಗಲ್ಲ."

ಬೇಗ ಆಗಲಿಲ್ಲ. ಎರಡು ಚಳಿಗಾಲ ಹೋಯಿತು. ಕಂಪನಿಯವರು ಪಂಚಾಯ್ತಿಯ ಕಡೆ ಕೈ ತೋರಿಸಿದರು, ಪಂಚಾಯ್ತಿಯವರು ಜಿಲ್ಲೆಯ ಕಡೆ, ಜಿಲ್ಲೆಯವರು ಮತ್ತೆ ಕಂಪನಿಯ ಕಡೆ. ಹಿಲ್ಡಾಳನ್ನು ಡೆಸ್ಮಂಡ್ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಊರೂರು ತಿರುಗಿಸಿದರು. ಒಂದು ಕಚೇರಿಯಲ್ಲಿ ಅಧಿಕಾರಿ, "ಅಜ್ಜಿ, ಆ ಗೂಡು ನಿಮ್ಮ ಊರಿನ ಹೆಮ್ಮೆ ಅಲ್ವಾ, ಅದಂತೂ ಸುರಕ್ಷಿತವಾಗಿದೆಯಲ್ಲ," ಅಂದನಂತೆ. "ಅದು ಸುರಕ್ಷಿತವಾಗಿದೆ ಮಗಾ, ಅದ್ಕೇನೂ ತೊಂದ್ರೆ ಇಲ್ಲ. ಸಾಯ್ತಿರೋದು ಜನ," ಅಂದು ಇವಳು ಅಲ್ಲಿದ್ದ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕೂತಳಂತೆ. ಏಳು ಅಂದರೂ ಏಳಲಿಲ್ಲವಂತೆ. ಹಟದಿಂದಲ್ಲ, ನಿಜಕ್ಕೂ ಏಳಲಾಗಲಿಲ್ಲ ಎಂದು ಆಮೇಲೆ ನನಗೆ ಹೇಳಿದಳು. ಡೆಸ್ಮಂಡ್ ಮಾತ್ರ ಅದೊಂದು ದೊಡ್ಡ ಧರಣಿ ಎಂದು ಊರೆಲ್ಲ ಹೇಳಿಕೊಂಡು ಬಂದರು.

ಕೊನೆಗೆ ಕಂಪನಿ ಒಪ್ಪಿತು. ಆಗ ಮಿಸ್ ಲೇಕಾಕಳೇ ಮತ್ತೆ ಬಂದಳು, ಏಕೆಂದರೆ ಸಂರಕ್ಷಿತ ಗೂಡಿಗೆ ಹೊಸ ತಂತಿ ಎಳೆಯಲೂ ಅಪ್ಪಣೆ ಬೇಕು. ಈ ಸಲ ಅವಳು ಅಳೆಯಲಿಲ್ಲ; ಅಲ್ಲೇ ನಿಂತು, ತಂತಿ ಎಲ್ಲಿಂದ ಬಂದರೆ ತಡವಾಗುವುದಿಲ್ಲವೋ ಅಲ್ಲಿಂದಲೇ ಬರಲಿ ಎಂದು ಬರೆದುಕೊಟ್ಟಳು.

ಹಿಲ್ಡಾ ಒಂದು ಷರತ್ತು ಹಾಕಿದ್ದಳು. ಇಲ್ಲಿಂದ ಹೊರಗೆ ಕರೆ ಹೋಗಬೇಕು, ಹೊರಗಿನಿಂದ ಇಲ್ಲಿಗೆ ಬರಬಾರದು.

"ಆದ್ರೆ ಹಳೇ ಕಾಲದ ಹಾಗೆ ಅದು ಕೂಗಿದ್ರೇನೇ..." ಅಂತ ಡೆಸ್ಮಂಡ್ ಶುರುಮಾಡಿದರು.

"ಬೇಡ," ಅಂದಳು ಹಿಲ್ಡಾ. "ಅದು ಕೂಗಿದ್ರೆ ಯಾರಾದ್ರೂ ಒಬ್ರು ಹೋಗ್ಬೇಕು. ನಾನು ಸತ್ತ ಮೇಲೆ ಎನಿಡ್ ಹೋಗ್ತಾಳೆ. ಬೇಡ."

ಫೋನು ಕೂರಿಸಿದ ದಿನ ರಿಬ್ಬನ್ ಇರಲಿಲ್ಲ, ಸ್ಕೋನೂ ಇರಲಿಲ್ಲ. ತುಂತುರು ಮಳೆ. ಐಸಾಕ್ ಕೋಲೂರಿಕೊಂಡು ಇಳಿದು ಬಂದಿದ್ದ. ಡೆಸ್ಮಂಡ್ ಕೊಡೆ ಹಿಡಿದಿದ್ದರು. ಕಂಪನಿಯ ಕೆಲಸಗಾರ ಎಲ್ಲ ಮುಗಿಸಿ, "ಯಾರಾದ್ರೂ ಒಂದು ಕರೆ ಮಾಡಿ ನೋಡಿ, ಸರಿಯಾಗಿ ಹೋಗತ್ತಾ ಅಂತ," ಅಂದ. ಎಲ್ಲರೂ ಹಿಲ್ಡಾಳ ಕಡೆ ತಿರುಗಿದೆವು.

ಅವಳು ಒಳಗೆ ಹೋಗಿ ರಿಸೀವರ್ ಎತ್ತಿಕೊಂಡು ಸುಮ್ಮನೆ ನಿಂತಳು. ಆಮೇಲೆ ಬಾಗಿಲು ಸ್ವಲ್ಪ ತೆರೆದು, "ಎನಿಡ್, ನಂಬರು ಮೊದ್ಲು ಒತ್ತಬೇಕೋ, ಕಾಸು ಮೊದ್ಲು ಹಾಕ್ಬೇಕೋ?" ಅಂದಳು.

ನಾನು ನಕ್ಕೆ. ಆಮೇಲೆ ಅವಳು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಿತು.

"ಇದರಿಂದ ನೀನು ಯಾರಿಗೂ ಫೋನು ಮಾಡೇ ಇಲ್ವಾ?"

"ಯಾರಿಗೆ ಮಾಡ್ಲಿ? ನಂಗೆ ಬೇಕಾದೋರೆಲ್ಲ ನಡೆದು ಹೋದ್ರೆ ಸಿಗೋ ಕಡೆ ಇದ್ರು."

ಕೆಲಸಗಾರ ತೋರಿಸಿಕೊಟ್ಟ. ಅವಳು ಕೋಟಿನ ಜೇಬಿನಿಂದ ಮಡಿಚಿದ ಚೀಟಿ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಅಂಕಿ ಒತ್ತಿದಳು. ಬಾಗಿಲು ಮುಚ್ಚಿಕೊಂಡಿತು. ಗಾಜಿನೊಳಗೆ ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಮಾತಿಗಿಂತ ಕೇಳುವುದೇ ಹೆಚ್ಚು. ನಾವು ಮೂವರೂ ಒಂದೇ ಕೊಡೆಯಡಿ ನಿಂತು ನೋಡುತ್ತಿದ್ದೆವು. ನೋಡಬಾರದು ಎಂದು ಹೊಳೆದು ಐಸಾಕ್ ಮೊದಲು ಸೇತುವೆಯ ಕಡೆ ತಿರುಗಿದ. ನಾವೂ ತಿರುಗಿದೆವು.

ಅವಳು ಹೊರಗೆ ಬಂದಾಗ ಕೇಳಿದೆ, "ಯಾರಿಗೆ?"

"ಗ್ವೆನ್‌ಗೆ. ರೆಕ್ಸ್‌ಹ್ಯಾಮ್‌ಗೆ."

"ಏನಂದ್ಳು?"

"ಏನಿಲ್ಲ. ಅಡುಗೆಮನೆಗೆ ಹಳದಿ ಬಣ್ಣ ಹೊಡೆಸ್ತಿದ್ದಾಳಂತೆ. ಹ್ಯೂಗೆ ಹಳದಿ ಕಂಡ್ರೆ ಆಗ್ತಿರ್ಲಿಲ್ವಂತೆ, ಹೊಡೆಸ್ಲೋ ಬೇಡ್ವೋ ಅಂತ ಕೇಳಿದ್ಳು. ಹೊಡೆಸು ಅಂದೆ." ಅವಳು ಗೇಟಿನ ಕಂಬ ಹಿಡಿದು ನಿಂತಳು. "ಇನ್ನೂ ಮಾತಾಡ್ತಿದ್ಳು ಪಾಪ. ಮುಂದಿನ ವಾರ ಮಾಡ್ತೀನಿ ಅಂತ ಹೇಳಿ ಇಟ್ಟೆ. ಕಾಲು ತುಂಬಾ ನೋಯ್ತಿದೆ ಎನಿಡ್, ಸ್ವಲ್ಪ ಕೈ ಕೊಡು."

ನಾನು ಕೈ ಕೊಟ್ಟೆ. ಮನೆಯೊಳಗೆ ಹೋಗಿ ಅವಳು ಬೂಟನ್ನೂ ಬಿಚ್ಚದೆ ಕುರ್ಚಿಯ ಮೇಲೆ ಕೂತಳು, ಟೀ ಮಾಡಿ ತರುವಷ್ಟರಲ್ಲಿ ನಿದ್ದೆ ಹೋಗಿದ್ದಳು.